ನಿಮ್ಮ ಅತ್ತೆಯ ಮೂರನೇ ಪುಸ್ತಕ

ನಿಮ್ಮ ಅತ್ತೆಗೆ ಏನು ಕೆಲಸ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನೀವಿಬ್ಬರೂ ‘ಟಿ.ವಿ.ಯಲ್ಲಿ ಮಾತಾಡ್ತಾರೆ’ ಎನ್ನುತ್ತೀರಂತೆ. ಅದು ಸುಳ್ಳಲ್ಲ. ಎಲ್ಲಾದರೂ ಬಾಂಬು ಸಿಡಿದರೆ ಟಿ.ವಿ.ಯವರು ಅವಳನ್ನು ಕರೆಯುತ್ತಾರೆ. ಆದರೆ ಅದು ಅವಳ ಕೆಲಸವಲ್ಲ. ಅವಳನ್ನು ಹೆತ್ತ ನಾನು, ನಿಮ್ಮ ಅಜ್ಜಿ, ನನಗೆ ತಿಳಿದಷ್ಟನ್ನು ಬರೆದಿಡುತ್ತೇನೆ. ನಾನು ಸಾಸ್ವೆಹಳ್ಳಿಯಲ್ಲಿ ಏಳನೇ ತರಗತಿ ಮುಗಿಸಿದವಳು. ತಪ್ಪಿದ್ದರೆ ಅವಳೇ ತಿದ್ದಿಕೊಡಲಿ.

ಗುರುತು ಪರಿಚಯ ಇಲ್ಲದವರನ್ನು ಕೊಲ್ಲುವ ಹಾದಿಗೆ ಒಬ್ಬ ಮನುಷ್ಯ ಹೇಗೆ ಹೋಗುತ್ತಾನೆ, ಅಲ್ಲಿಂದ ಅವನನ್ನು ವಾಪಸು ಕರೆತರುವುದು ಹೇಗೆ ಎಂಬುದು ಅವಳ ಓದು. ದಾವಣಗೆರೆಯಲ್ಲಿ ಎಂ.ಎ. ಮಾಡಿ, ದಿಲ್ಲಿಯಲ್ಲಿ ಡಾಕ್ಟರೇಟ್ ಪಡೆದು, ಅಲ್ಲೇ ಪಾಠ ಹೇಳುತ್ತಾಳೆ. ಮೊದಲ ಪುಸ್ತಕ ಭಯೋತ್ಪಾದನೆ ತಡೆಯುವ ಕಾನೂನುಗಳ ಬಗ್ಗೆ. ಎರಡನೆಯದು ಜೈಲಿನಲ್ಲಿರುವವರ ಬಗ್ಗೆ. ಎರಡೂ ಇಂಗ್ಲಿಷಿನವು. ನಾನು ಅವುಗಳ ಧೂಳು ಒರೆಸಿದ್ದೇನೆಯೇ ಹೊರತು ಓದಿಲ್ಲ.

ಚನ್ನಗಿರಿಯ ನಮ್ಮ ಬೀದಿಯಲ್ಲಿ ಈ ಓದನ್ನು ಅರ್ಥ ಮಾಡಿಸುವುದು ಕಷ್ಟವಿತ್ತು. ಹೆಣ್ಣು ನೋಡಲು ಬಂದಿದ್ದ ಒಬ್ಬ ತಾಯಿ, ಅವಳ ವಿಷಯ ಏನೆಂದು ಕೇಳಿ ತಿಳಿದ ಮೇಲೆ ಅವಲಕ್ಕಿ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟರು. ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ ಎಲ್ಲರೆದುರು ಹೇಳಿದ್ದಳು: “ಎಲ್ರ ಮಕ್ಳು ಗಂಡು ಹುಡುಕ್ತಾವೆ, ಅಕ್ಕಾರ ಮಗ್ಳು ಬಾಂಬ್ ಇಟ್ಟೋರ್ನ ಹುಡುಕ್ತಾಳೆ.” ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ. ಸಂಜೆ ನಿಮ್ಮ ಅಜ್ಜನಿಗೆ ಹೇಳಿದರೆ ಅವರು ನಕ್ಕುಬಿಟ್ಟರು.

ಮೂರನೇ ಪುಸ್ತಕವನ್ನು ಅವಳು ಮನೆಯವರ ಬಗ್ಗೆ ಬರೆಯಲು ಹೊರಟಳು. ಬಂದೂಕು ಹಿಡಿದು ಹೋದವರ ತಾಯಂದಿರು, ಅಕ್ಕತಂಗಿಯರು. ಇದನ್ನು ಮೊದಲು ಕನ್ನಡದಲ್ಲೇ ಬರೆಯುತ್ತೇನೆ ಎಂದಳು. ಆಗ ನಿಮ್ಮ ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು. ಅವಳು ರಜೆ ಹಾಕಿ ಊರಿಗೆ ಬಂದು, ಆ ಮನೆಗಳಿಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗತೊಡಗಿದಳು. ಒಬ್ಬಳೇ ಹೋದರೆ ಪೊಲೀಸ್ ಇಲಾಖೆಯವಳೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಪಕ್ಕದಲ್ಲಿ ಒಬ್ಬ ಮುದುಕಿ ಇದ್ದರೆ ಚಾಪೆ ಹಾಸುತ್ತಾರೆ. ಮೊದಲ ಎರಡು ಭೇಟಿಯಲ್ಲಿ ಅವಳು ಪೆನ್ನನ್ನೂ ತೆಗೆಯುತ್ತಿರಲಿಲ್ಲ. ಬೆಳೆ, ಮಳೆ, ಬಸ್ಸು ಅಂತ ಮಾತಾಡಿ ಎದ್ದು ಬರುತ್ತಿದ್ದಳು. ನನಗೆ ಮಾತಾಡುವ ಕೆಲಸವೇ ಇರಲಿಲ್ಲ. ಅವರು ಕಾಳು ಹಸನು ಮಾಡುತ್ತಿದ್ದರೆ ನಾನೂ ಒಂದು ಮೊರ ಎಳೆದುಕೊಳ್ಳುತ್ತಿದ್ದೆ.

ಸವಳಂಗದ ಆಚೆ ಒಂದು ಊರು. ಅಲ್ಲಿ ಒಬ್ಬ ತಾಯಿಯ ಮಗ ಕಾಲೇಜು ಬಿಟ್ಟು ಬಂದೂಕಿನವರ ಜೊತೆ ಕಾಡು ಸೇರಿ ಒಂಬತ್ತು ವರ್ಷ. ಬದುಕಿದ್ದಾನೆಂದು ಕೆಲವರು, ಇಲ್ಲವೆಂದು ಕೆಲವರು. ನಾವು ಮೂರನೇ ಸಲ ಹೋದದ್ದು ಹಿರಿಯರ ಹಬ್ಬದ ದಿನ. ಒಳಕೋಣೆಯಲ್ಲಿ ಆಕೆ ಗಂಡನಿಗೆ, ಅತ್ತೆ ಮಾವನಿಗೆ ಹೊಸ ಬಟ್ಟೆಯ ಜೊತೆ ಎಡೆ ಇಟ್ಟಿದ್ದಳು. ಎಡೆ ಇಟ್ಟ ಮೇಲೆ ತೀರಿಕೊಂಡವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವಲ್ಲ, ಹಾಗೆ ಕೂತೆವು. ಬಾಗಿಲು ತೆಗೆದ ಮೇಲೆ ನಮಗೆ ಬಡಿಸಿದಳು. ನಾವು ಉಂಡೆದ್ದ ನಂತರ ಪಡಸಾಲೆಯಲ್ಲಿ ಒಂದು ತಟ್ಟೆಗೆ ಕಡುಬು ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಪಕ್ಕದಲ್ಲಿ ಒಂದು ಹೊಸ ಅಂಗಿ ಇಟ್ಟಳು. ಮಗನಿಗೆ ಎಂದಳು. ನಿಮ್ಮ ಅತ್ತೆ ಕಣ್ಣೊರೆಸಿಕೊಂಡಳು.

ನಾಲ್ಕು ತಿಂಗಳ ಮೇಲೆ ಅವಳು ಬರೆದದ್ದನ್ನೆಲ್ಲ ಅಚ್ಚು ತೆಗೆದು ಓದಲು ನನಗೆ ಕೊಟ್ಟಳು. ಅದು ಮುದ್ರಣಕ್ಕೆ ಹೋಗಲು ಒಂದು ವಾರವಿತ್ತು. ಐದನೇ ಅಧ್ಯಾಯದಲ್ಲಿ ಆ ತಾಯಿ ಇದ್ದಳು. ಆಕೆಯ ಹೆಸರಿಲ್ಲ, ಊರಿಲ್ಲ. ಆದರೆ ಆಕೆ ಮಗನಿಗೆ ಎಡೆ ಇಟ್ಟಳು, ಮಗ ಸತ್ತನೆಂದು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಾಳೆ ಎಂದು ಬರೆದಿತ್ತು. ಮನೆಯವರು ಹೀಗೆ ಒಳಗೇ ತಿಥಿ ಮುಗಿಸಿಬಿಡುತ್ತಾರೆ, ಅದಕ್ಕೇ ಶರಣಾಗುವವರಿಗೆ ಮನೆಯ ದಾರಿ ಮುಚ್ಚಿಹೋಗಿರುತ್ತದೆ ಎಂಬುದು ಆ ಅಧ್ಯಾಯದ ಮಾತು.

ನಾನು ಆ ಸಾಲನ್ನು ಮತ್ತೊಮ್ಮೆ ಓದಿದೆ. ನಿಮ್ಮ ಅತ್ತೆ ಹೈಸ್ಕೂಲಿನಿಂದಲೇ ಹಾಸ್ಟೆಲಿನಲ್ಲಿ ಬೆಳೆದವಳು. ಆ ಹಬ್ಬದ ಹೊತ್ತಿಗೆ ಪ್ರತಿ ವರ್ಷ ಪರೀಕ್ಷೆ. ಹೊಸ ಬಟ್ಟೆ, ಊಟ, ಅದೇ ದಿನ, ಇಷ್ಟನ್ನು ನೋಡಿ ಎಡೆ ಎಂದುಕೊಂಡಿದ್ದಳು. ಎಡೆ ಮುಗಿಯದೆ ಬಂದವರಿಗೆ ಒಂದು ತುತ್ತೂ ಹಾಕುವುದಿಲ್ಲ. ಆಕೆ ನಮಗೆ ಬಡಿಸಿದ ಮೇಲೆ ಆ ತಟ್ಟೆ ಇಟ್ಟಿದ್ದಳು. ಮುಚ್ಚಿದ್ದು ತಟ್ಟೆಯನ್ನು, ಬಾಗಿಲನ್ನಲ್ಲ. ಅದು ತಡವಾಗಿ ಬರುವವನಿಗೆ ತೆಗೆದಿಟ್ಟ ಊಟ. ಬದುಕಿದ್ದಾನೆಂದು ಕಾಯುತ್ತಿರುವ ಮಗನಿಗೆ ತಾಯಿ ಎಡೆ ಇಟ್ಟಳೆಂದು ಪುಸ್ತಕದಲ್ಲಿ ಅಚ್ಚಾದರೆ ಆಕೆ ಹೇಗೆ ತಡೆದುಕೊಂಡಾಳು?

ಅಷ್ಟು ಓದಿದವಳಿಗೆ ಹೇಗೆ ಹೇಳುವುದೆಂದು ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅವರೆಕಾಯಿ ಸುಲಿಯುತ್ತಾ ಹೇಳಿಬಿಟ್ಟೆ. ನಿಮ್ಮ ಅಜ್ಜನಿಗೆ ನಾನು ವರ್ಷ ವರ್ಷ ಹೇಗೆ ಎಡೆ ಇಡುತ್ತೇನೆ ಎಂಬುದನ್ನು ಒಂದೊಂದಾಗಿ ವಿವರಿಸಿದೆ.

“ಅವ್ವಾ, ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?” ಎಂದಳು.

“ನೀನು ಎಡೆ ಅಂತ ತಿಳ್ಕಂಡೀಯ ಅಂತ ನನಗೇನು ಗೊತ್ತು?”

ಅವಳಿಗೆ ಸಿಟ್ಟು ಬಂದಿತ್ತು, ನನ್ನ ಮೇಲಲ್ಲ. ಆ ಒಂದು ಸಾಲು ಬಿದ್ದರೆ ಅಧ್ಯಾಯವೇ ಬೀಳುತ್ತದೆ ಎಂದಳು. ಸಿಪ್ಪೆಯನ್ನೂ ಕಾಳನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಳು, ನಾನು ಆರಿಸಿಕೊಂಡೆ. ಎದ್ದು ಮುದ್ರಕರಿಗೆ ಫೋನು ಮಾಡಿ, ಇನ್ನೂ ಸ್ವಲ್ಪ ದಿನ ಬೇಕು ಎಂದಳು.

ಮರುದಿನ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಸವಳಂಗಕ್ಕೆ ಹೋದೆವು. ಆ ತಾಯಿ ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕಿದ್ದಳು. ನಿಮ್ಮ ಅತ್ತೆ ಬರೆದದ್ದನ್ನು ಮುಚ್ಚಿಡಲಿಲ್ಲ, ಓದಿ ಹೇಳಿದಳು. ಎಡೆ ಎಂಬ ಮಾತು ಬಂದಾಗ ಆಕೆಯ ಕೈ ನಿಂತಿತು.

“ಎಡೆ ಇಡಾಕೆ ನನ್ ಮಗ ಸತ್ತಾನೇನ್ರಿ?”

ತಪ್ಪಾಯ್ತು ಅಮ್ಮ, ಎಂದಳು ನಿಮ್ಮ ಅತ್ತೆ. ದಿಲ್ಲಿಯಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಎದುರು ವಾದ ಮಾಡುವವಳು ತಲೆ ತಗ್ಗಿಸಿ ಕೂತಿದ್ದನ್ನು ನಾನು ಅವತ್ತು ನೋಡಿದೆ. ನೀವು ಕಾಯುತ್ತಿದ್ದೀರೆಂದು ಬರೆಯಬಹುದೇ, ಪೊಲೀಸರು ಬಂದು ತೊಂದರೆ ಕೊಟ್ಟರೆ ಏನು ಗತಿ, ಬೇಡವೆಂದರೆ ಆ ಪುಟವನ್ನೇ ತೆಗೆಯುತ್ತೇನೆ ಎಂದೆಲ್ಲ ಕೇಳಿದಳು. ಆಕೆ ಬಹಳ ಹೊತ್ತು ಜೋಳ ಹರವಿದಳು. ಆಮೇಲೆ, ಪೊಲೀಸರು ಬಂದಾಗೆಲ್ಲ ತಾನು ಕಾಯುತ್ತಿರುವುದನ್ನೇ ಹೇಳಿರುವುದಾಗಿ ಹೇಳಿದಳು.

“ಪುಟ ತೆಗಿಬ್ಯಾಡ್ರಿ. ಅವ್ನು ಕನ್ನಡ ಪುಸ್ತಕ ಸಿಕ್ರೆ ಬಿಡೋನಲ್ಲ. ಎಲ್ಲಿದ್ರೂ ಓದ್ತಾನೆ.”

ಆ ಅಧ್ಯಾಯವನ್ನು ನಿಮ್ಮ ಅತ್ತೆ ಮೊದಲಿನಿಂದ ಬರೆದಳು. ಹೋದವರಿಗೆ ಮನೆಯ ದಾರಿ ಮುಚ್ಚಿಲ್ಲ, ಆದರೆ ಅದನ್ನು ಅವರಿಗೆ ತಿಳಿಸುವವರಿಲ್ಲ ಎಂಬುದು ಈಗಿನ ಮಾತು. ಅದು ಸರಿಯೋ ತಪ್ಪೋ ತೂಗುವಷ್ಟು ನಾನು ಓದಿಲ್ಲ. ಮುದ್ರಣಕ್ಕೆ ಕೊಡುವ ಮೊದಲು ಮತ್ತೊಮ್ಮೆ ಹೋಗಿ ಆಕೆಗೆ ಓದಿ ಹೇಳಿದಳು. ಆಕೆ ಎರಡು ಸಲ ಓದಿಸಿದಳು. ಎರಡನೇ ಸಲ ತಡೆದು, ತಟ್ಟೆಯಲ್ಲಿ ಹೋಳಿಗೆ ಇತ್ತೆಂದು ಯಾಕೆ ಬರೆದಿರಿ ಎಂದು ಕೇಳಿದಳು.

ಆಕೆಯ ಗುರುತು ಊರವರಿಗೆ ಸಿಗಬಾರದೆಂದು ನಿಮ್ಮ ಅತ್ತೆ ತಿಂಡಿಯ ಹೆಸರನ್ನು ಬೇಕೆಂದೇ ಬದಲಿಸಿದ್ದಳು. ಹಾಗೆಂದು ಹೇಳಿದಳು.

“ಊರು ಬ್ಯಾಡ, ಹೆಸ್ರು ಬ್ಯಾಡ. ಆದ್ರೆ ಕಡುಬು ಅಂತ್ಲೇ ಬರೀರಿ. ಅವ್ನು ಹೋಳಿಗೆ ಮುಟ್ಟೋನಲ್ಲ. ಯಾರ್ದೋ ಮನೆ ಅಂತ ಪುಟ ತಿರುವಿಬಿಡ್ತಾನೆ.”

ನಿಮ್ಮ ಅತ್ತೆ ಪೆನ್ನು ತೆಗೆದು ಅಲ್ಲೇ ತಿದ್ದಿದಳು.