ರಿಯಾದ್‌ನಲ್ಲಿ ಸಹಿಯಾದ ಶಾಂತಿ

ರಿಯಾದ್‌ನ ಬತ್ಹಾದಲ್ಲಿ ಒಂದು ಪರದೆ ಅಂಗಡಿಯಲ್ಲಿ ನಾನಿದ್ದೆ. ಅಳತೆ ತೆಗೆಯುವುದು ನನ್ನ ಕೆಲಸ, ಏಣಿ ಹತ್ತಿ ಪರದೆ ಕಟ್ಟುವುದು ಯೆಮನ್‌ನ ಒಬ್ಬನದು. ನನಗಿಂತ ಸ್ವಲ್ಪ ದೊಡ್ಡವನು, ತೈಝ್ ಊರಿನವನು. ಇಡೀ ದಿನ ಅಂಗಡಿಯ ವ್ಯಾನಿನಲ್ಲಿ ಒಟ್ಟಿಗೇ ತಿರುಗಾಟ. ನಾನು ಅರಬ್ಬಿ ಕಲಿತದ್ದೇ ಅವನಿಂದ. ಈಗಲೂ ನಾನು ಬಾಯಿ ಬಿಟ್ಟರೆ, "ನೀನೆಂತ, ಯೆಮನಿಯಾ?" ಎಂದು ಸೌದಿಗಳು ನಗುತ್ತಾರೆ.

2011ರಲ್ಲಿ ಅವನ ದೇಶದ ಜನ ಬೀದಿಗಿಳಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿಗೆ ಅಂಟಿಕೊಂಡಿದ್ದ ಅಧ್ಯಕ್ಷ ಇಳಿಯಬೇಕು ಎಂಬುದು ಅವರ ಹಟ. ರಾಜಧಾನಿ ಸನಾದಲ್ಲಿ ಓದುತ್ತಿದ್ದ ಇವನ ತಮ್ಮನೂ ಚೌಕದಲ್ಲಿ ಡೇರೆ ಹಾಕಿ ಕೂತಿದ್ದ. "ಮನೆಗೆ ಹೋಗು, ಉಮ್ಮನಿಗೆ ಹೆದರಿಕೆ" ಎಂದು ಇವನು ಫೋನಿನಲ್ಲಿ ಗದರುತ್ತಿದ್ದ. "ಇಲ್ಲಿ ಎಷ್ಟು ಜನ ಇದ್ದೇವೆಂದರೆ ಹೆದರಲಿಕ್ಕೂ ಜಾಗ ಇಲ್ಲ ಅಣ್ಣಾ" ಎಂದು ತಮ್ಮ ನಗುತ್ತಿದ್ದನಂತೆ.

ಒಂದು ಶುಕ್ರವಾರ ಜುಮಾ ನಮಾಜು ಮುಗಿಯುತ್ತಿದ್ದಂತೆ ಮನೆಗಳ ಮಾಳಿಗೆಯಿಂದ ಚೌಕದ ಮೇಲೆ ಗುಂಡು ಹಾರಿತು. ನಾವು ರೂಮಿನಲ್ಲಿ ಊಟಕ್ಕೆ ಕೂತಿದ್ದಾಗ ಇವನಿಗೆ ಫೋನು ಬಂತು. ಮಾತೆಲ್ಲ ಕೇಳಿಸಿಕೊಂಡು ಫೋನು ಇಟ್ಟ. ಕೈಯಲ್ಲಿದ್ದ ಅನ್ನದ ತುತ್ತನ್ನು ಬಾಯಿಗೂ ಹಾಕಲಿಲ್ಲ, ತಟ್ಟೆಗೂ ಹಾಕಲಿಲ್ಲ. ಊರಿಗೆ ಹೋಗಿ ಬಾ ಎಂದು ನಾವೆಲ್ಲ ಹೇಳಿದೆವು. "ಮಣ್ಣು ಮಾಡಿ ಆಗಿರುತ್ತದೆ. ಹೋಗಿ ಯಾರ ಮುಖ ನೋಡಲಿ?" ಎಂದ. ಮರುದಿನ ಕೆಲಸಕ್ಕೆ ಬಂದ.

ಆಮೇಲೆ ಗಲ್ಫ್ ದೇಶಗಳೆಲ್ಲ ಸೇರಿ ರಾಜಿಗೆ ಕೂತವು. ಅಧ್ಯಕ್ಷ ಕೆಳಗಿಳಿಯಬೇಕು, ಬದಲಿಗೆ ಅವನ ಮೇಲೂ ಅವನವರ ಮೇಲೂ ಯಾವ ಕೇಸೂ ಹಾಕಬಾರದು. ಅಂಗಡಿಯ ಟಿವಿಯಲ್ಲಿ ಅದೇ ಸುದ್ದಿ. ಇವತ್ತು ಸಹಿ ಹಾಕುತ್ತಾನೆ ಎನ್ನುತ್ತಿದ್ದರು, ಮರುದಿನ ಹಾಕಲಿಲ್ಲ ಎನ್ನುತ್ತಿದ್ದರು. ನಮ್ಮ ಮ್ಯಾನೇಜರು ಭಟ್ಕಳದವರು, ಒಳ್ಳೆಯ ಮನುಷ್ಯ. "ಇಲ್ಲಿ ರಾಜಕೀಯ ಬೇಡ ಮಾರಾಯ, ಗೋಡೆಗೂ ಕಿವಿ ಇದೆ" ಎಂದು ಟಿವಿಯ ದನಿ ತಗ್ಗಿಸುತ್ತಿದ್ದರು.

ಆ ದಿನಗಳಲ್ಲೇ ಒಂದು ದೊಡ್ಡ ಹೋಟೆಲಿನಿಂದ ಅರ್ಜೆಂಟ್ ಕೆಲಸ ಬಂತು. ಮಾತುಕತೆಗೆ ಬಂದ ಯೆಮನ್‌ನ ವಿರೋಧ ಪಕ್ಷದ ಮುಖಂಡರು ಅಲ್ಲೇ ಇಳಿದಿದ್ದಾರೆಂದು ನಮಗೆ ಗೊತ್ತಾದದ್ದು ಹೋದ ಮೇಲೆ. ಕಾರಿಡಾರಿನಲ್ಲಿ ನಾವು ಮಾತಾಡುವುದನ್ನು ಕೇಳಿ ಅವರಲ್ಲಿ ಒಬ್ಬ ಮುದುಕರು ನಿಂತರು. ಏಣಿಯ ಮೇಲಿದ್ದ ಇವನತ್ತ ಕತ್ತೆತ್ತಿ, "ಯಾವೂರು ಮಗನೇ?" ಎಂದರು.

ಇವನು ಇಳಿದು ಬಂದ. ಊರಿನ ಹೆಸರು ಹೇಳಿದ. "ಶೇಖ್, ನನ್ನ ತಮ್ಮ ಚೌಕದಲ್ಲಿ ಸತ್ತ. ಕೊಂದವರನ್ನು ಬಿಟ್ಟುಬಿಡುತ್ತೀರಂತೆ, ಹೌದಾ?"

ಮುದುಕರು ಅವನ ಹೆಗಲ ಮೇಲೆ ಕೈಯಿಟ್ಟರು. "ಬಿಡದಿದ್ದರೆ ಅವನು ಕುರ್ಚಿ ಬಿಡುವುದಿಲ್ಲ. ಯುದ್ಧವಾಗುತ್ತದೆ. ಇನ್ನೆಷ್ಟು ತಮ್ಮಂದಿರನ್ನು ಹೂಳುವುದು, ಹೇಳು."

"ನನಗಿದ್ದದ್ದು ಒಬ್ಬನೇ."

ಮುದುಕರು ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟರು. ಅವರ ಮೇಲೆ ಸಿಟ್ಟು ಮಾಡಬೇಕೆಂದಿದ್ದ ನನಗೆ ಅದು ಆಗಲಿಲ್ಲ. ಅಷ್ಟರಲ್ಲಿ ಯಾರೋ ಬಂದು, ಸಭೆಗೆ ಹೊತ್ತಾಯಿತೆಂದು ಅವರನ್ನು ಕರೆದುಕೊಂಡು ಹೋದರು.

ಚಳಿ ಶುರುವಾಗುವ ಹೊತ್ತಿಗೆ ರಿಯಾದ್‌ನಲ್ಲೇ ಸಹಿಯಾಯಿತು. ಟಿವಿಯಲ್ಲಿ ಅಧ್ಯಕ್ಷ ನಗುನಗುತ್ತಾ ಸಹಿ ಹಾಕುತ್ತಿದ್ದ. ಯುದ್ಧ ತಪ್ಪಿತೆಂದು ಮ್ಯಾನೇಜರು ಸಿಹಿ ತರಿಸಿದರು. ಇವನು ಮುಟ್ಟಲಿಲ್ಲ. "ನಗುತ್ತಿದ್ದಾನೆ ನೋಡು, ಗೆಳೆಯಾ" ಎಂದು ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ.

ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ. ತಮ್ಮನ ಕೊಲೆಯ ಕೇಸು ಹಾಕುತ್ತೇನೆ ಎಂದ.

"ಕಾನೂನೇ ಮಾಫಿ ಕೊಟ್ಟ ಮೇಲೆ ಯಾವ ಕೋರ್ಟು ತೆಗೆದುಕೊಳ್ಳುತ್ತದೆ?" ಎಂದು ಕೇಳಿದೆ.

"ತೆಗೆದುಕೊಳ್ಳುವುದಿಲ್ಲ ಅಂತ ನನ್ನ ಮುಖ ನೋಡಿ ಹೇಳಲಿ."

ಹಾಗೆಯೇ ಹೇಳಿದರಂತೆ. ಮಕ್ಕಳನ್ನು ಕಳಕೊಂಡ ಬೇರೆ ಮನೆಯವರ ಜೊತೆ ಕಚೇರಿಯಿಂದ ಕಚೇರಿಗೆ ಅಲೆದ. ಎಲ್ಲ ಕಡೆ ಚಹಾ ಕೊಟ್ಟು ಕಳಿಸಿದರು.

ಆ ಮುದುಕರು ಹೆದರಿದ್ದ ಯುದ್ಧ ಕೊನೆಗೂ ತಪ್ಪಲಿಲ್ಲ. ಮಾಫಿ ಪಡೆದು ದೇಶದಲ್ಲೇ ಉಳಿದ ಮಾಜಿ ಅಧ್ಯಕ್ಷ ತನ್ನ ಹಳೆಯ ಶತ್ರುಗಳಾದ ಉತ್ತರದ ಬಂಡುಕೋರರ ಜೊತೆಗೇ ಕೈ ಸೇರಿಸಿದ, ಸನಾ ಅವರ ವಶವಾಯಿತು. 2015ರಲ್ಲಿ ಅವರ ಮೇಲೆ ಬಾಂಬು ಹಾಕಲು ಸೌದಿಯ ವಿಮಾನಗಳು ಹೊರಟವು. ನಾನು ಗೆಳೆಯನಿಗೆ ದಿನಾ ಫೋನು ಮಾಡುತ್ತಿದ್ದೆ, ಒಮ್ಮೆ ಸಿಕ್ಕಿದ.

"ನಿಮ್ಮ ಕಡೆಯಿಂದ ಬರುತ್ತಿವೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. 'ನಿಮ್ಮ' ಎಂಬ ಮಾತು ಮಾತ್ರ ನನಗೆ ಚುಚ್ಚಿತು. ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವ ನನಗೆ ಇದು ಯಾವಾಗ ನನ್ನ ಕಡೆಯಾಯಿತು? ಮ್ಯಾನೇಜರ ಬೆನ್ನುನೋವು ಹೇಗಿದೆ ಎಂದು ಕೇಳಿದ. ನಡುವೆ ಲೈನು ಕಡಿಯಿತು.

ಮತ್ತೆ ಸಿಗಲೇ ಇಲ್ಲ. ಬತ್ಹಾದಲ್ಲಿ ಕಂಡ ತೈಝ್‌ನವರನ್ನೆಲ್ಲ ವಿಚಾರಿಸಿದೆ. ಅವನಿದ್ದ ಕೇರಿಯಲ್ಲಿ ಈಗ ಎರಡೂ ಕಡೆಯವರು ಹೊಡೆದಾಡುತ್ತಿದ್ದಾರೆ, ಜನ ಇಲ್ಲ ಎಂದರು. ಓಡಿಹೋದರೋ ಸತ್ತರೋ ಯಾರಿಗೂ ತಿಳಿಯದು. ನಮಾಜಿನ ಬಳಿಕ ದುವಾ ಮಾಡುವಾಗ ಬದುಕಿರುವವರಿಗೆ ಕೇಳುವುದೇ ಬೇರೆ, ತೀರಿಕೊಂಡವರಿಗೆ ಕೇಳುವುದೇ ಬೇರೆ. ಅವನಿಗೆ ಏನು ಕೇಳಬೇಕೆಂದು ನನಗೆ ಇನ್ನೂ ಗೊತ್ತಿಲ್ಲ.