ಹೆಸರಿಲ್ಲದ ಚೀಟಿಗಳು

ಪುಸ್ತಕ ಕಟ್ಟುವ ಆ ಕೋಣೆಯಲ್ಲಿ ಇದ್ದವರು ಮೂವರೇ. ಹತ್ತೊಂಬತ್ತು ವರ್ಷದಿಂದ ಹಾಳೆ ಹೊಲಿಯುತ್ತಿದ್ದ ದಾರದಕ್ಕ, ಪುಸ್ತಕದ ಬೆನ್ನಿಗೆ ಅಂಟು ಹಚ್ಚುವ ಅವಳ ನಾದಿನಿ, ಯಂತ್ರದಲ್ಲಿ ಅಂಚು ಕತ್ತರಿಸುವ ತಮ್ಮಣ್ಣ. ತಪ್ಪು ಕಂಡರೆ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು, ಮರುಗಳಿಗೆಯಲ್ಲಿ ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಳ್ಳುತ್ತಿದ್ದರು.

ಹೊಸ ಮ್ಯಾನೇಜರ್ ಬಂದವನೇ ಗೋಡೆಗೊಂದು ಡಬ್ಬಿ ಹೊಡೆಸಿದ. ಪ್ರತಿ ಶನಿವಾರ ಒಬ್ಬರ ಕುಂದನ್ನು ಇನ್ನೊಬ್ಬರು ಹೆಸರು ಹಾಕದೆ ಬರೆಯಬೇಕು, ಸೋಮವಾರ ತಾನು ಓದುತ್ತೇನೆ ಎಂದ. ಮೊದಲೆರಡು ವಾರ ನಗುವಿನಲ್ಲೇ ಕಳೆದವು. ಮೂರನೆಯ ವಾರ ಅವನು ಓದಿದ್ದು: "ದಾರದಕ್ಕನ ಕಣ್ಣು ಮಂಜಾಗಿದೆ. ಹೊಲಿಗೆ ತಪ್ಪುತ್ತಿದೆ, ಮುಚ್ಚಿಡುತ್ತಿದ್ದಾಳೆ."

ಮಾತು ನಿಜವಾಗಿತ್ತು. ಗಂಡನಿಗೂ ಅವಳು ಹೇಳಿರಲಿಲ್ಲ. ಉಳಿದಿಬ್ಬರೂ ತಲೆ ಎತ್ತಲಿಲ್ಲ. ಮನೆಯವಳೇ ಆದ ನಾದಿನಿ ಹೀಗೆ ಮಾಡಲಾರಳು, ಇದು ತಮ್ಮಣ್ಣನದೇ ಕೆಲಸ ಎಂದು ತೀರ್ಮಾನಿಸಿದ ದಾರದಕ್ಕ ಮುಂದಿನ ಶನಿವಾರ ಅವನ ಕೈ ನಡುಗುತ್ತದೆಂದು ಬರೆದು ಹಾಕಿದಳು. ಅದನ್ನು ಓದಿದ ದಿನದಿಂದ ಕೋಣೆಯಲ್ಲಿ ಯಂತ್ರದ ಸದ್ದೊಂದೇ ಉಳಿಯಿತು. ಫ್ಲಾಸ್ಕುಗಳು ಮೂರಾದವು.

ಒಂದು ಬುಧವಾರ ತಮ್ಮಣ್ಣ ಪುಸ್ತಕದ ಕಟ್ಟನ್ನು ಸರಿಪಡಿಸುತ್ತಿದ್ದಾಗ ಅವನ ಅಂಗಿಯ ತೋಳಿನ ಅಂಚು ಅಲಗಿನ ಕೆಳಗೆ ಸಿಕ್ಕಿಕೊಂಡಿದ್ದನ್ನು ದಾರದಕ್ಕ ಕಂಡಳು. ಮೊದಲಾದರೆ ಕೂಗಿಬಿಡುತ್ತಿದ್ದಳು. ಇದನ್ನೂ ದೂರು ಅಂದುಕೊಂಡಾನೆಂದು ಒಂದು ಉಸಿರಿನಷ್ಟು ತಡೆದಳು. ಅಷ್ಟರಲ್ಲಿ ಅಲಗು ಇಳಿಯಿತು.

ತೋಳಿನ ಬಟ್ಟೆ ಗುಂಡಿಯ ಸಮೇತ ಕತ್ತರಿಸಿಹೋಗಿತ್ತು. ಬೆರಳು ಕೂದಲೆಳೆಯಲ್ಲಿ ಉಳಿದಿತ್ತು.

"ನೀವು ನೋಡಿದ್ರಿ ಅಲ್ವಾ ಅಕ್ಕ?"

"ನೋಡ್ದೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಇದನ್ನೂ ದೂರು ಅಂದ್ಕೋತೀಯ ಅನ್ನಿಸ್ತು. ನಿನ್ನ ಕೈ ನಡುಗುತ್ತೆ ಅಂತ ಬರ್ದೋಳೂ ನಾನೇ. ನನ್ನ ಕಣ್ಣಿನ ವಿಷ್ಯ ನೀನು ಬರ್ದೆ ಅಂತ ಸಿಟ್ಟಿತ್ತು."

"ನಾನು ಬರೀಲಿಲ್ಲ."

ನಾದಿನಿಯ ಕೈಯಲ್ಲಿದ್ದ ಕುಂಚ ನಿಂತಿತು. "ನಾನು ಅತ್ತಿಗೆ," ಎಂದಳು. "ಮನೇಲಿ ಹೇಳಿದ್ರೆ ಅಣ್ಣ ನಿಮ್ಮ ಕೆಲಸ ಬಿಡಿಸ್ತಾನೆ ಅನ್ನಿಸ್ತು. ನಿಮ್ಮೆದುರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ತಮ್ಮಣ್ಣ ತುಂಡಾದ ಅಂಗಿತೋಳನ್ನು ಮೇಲಕ್ಕೆ ಮಡಚಿದ. ತನಗೆ ಸಕ್ಕರೆ ಕಾಯಿಲೆಯಿದೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ ಎಂದು ಹೇಳಿದ. ಕೇಳಿದ್ದರೆ ಅಂದೇ ಹೇಳುತ್ತಿದ್ದನಂತೆ.

ಆ ಶನಿವಾರ ಡಬ್ಬಿಗೆ ಮೂರು ಖಾಲಿ ಚೀಟಿ ಬಿದ್ದವು. ಮ್ಯಾನೇಜರ್ ರೇಗಾಡಿದ, ಇನ್ನೆರಡು ವಾರವೂ ಖಾಲಿ ಚೀಟಿಗಳೇ ಸಿಕ್ಕಾಗ ಡಬ್ಬಿಯನ್ನು ಕೀಳಿಸಿದ. ದಾರದಕ್ಕ ಕನ್ನಡಕ ಮಾಡಿಸಿದಳು. ನಾದಿನಿಯೊಡನೆ ಮಾತು ಬೇಗ ಕೂಡಿತು. ತಮ್ಮಣ್ಣ ಮಾತ್ರ ಎಷ್ಟೋ ತಿಂಗಳು ಅಲಗು ಇಳಿಸುವ ಮುನ್ನ ತಲೆ ಎತ್ತಿ ಅವಳನ್ನೊಮ್ಮೆ ನೋಡುತ್ತಿದ್ದ. ಅವಳು ಸೂಜಿ ಕೆಳಗಿಟ್ಟು, ಅವನ ಎರಡೂ ಕೈಗಳನ್ನು ನೋಡಿ, "ಸರಿ, ಇಳಿಸು" ಎನ್ನುತ್ತಿದ್ದಳು.