ಗವರ್ನರನ ಎದುರು ರೈತನ ಅರ್ಥ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವೆಂಬ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವನಾಗಿದ್ದೆ. ನನ್ನ ವರ್ಕ್ ಪರ್ಮಿಟ್ ಆ ಹೋಟೆಲಿನ ಹೆಸರಿಗೇ ಇತ್ತು. ಹಾಗಾಗಿ ದಣಿಯನ್ನು ಬಿಟ್ಟರೆ ಲಂಡನ್ನನ್ನೇ ಬಿಟ್ಟ ಹಾಗೆ. ದಣಿ ನಮ್ಮ ಕುಂದಾಪುರದ ಕಡೆಯವರೇ, ಮನೆ ಸಿರಿವಂತರ ಸ್ಟ್ಯಾನ್ಮೋರಿನಲ್ಲಿ. ಕೆಟ್ಟವರಲ್ಲ, ಆದರೆ ರಜೆ ಎಂದರೆ ಅವರ ಕಿವಿ ಮಂದವಾಗುತ್ತಿತ್ತು.

ಊರಿನಲ್ಲಿ ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ನನಗೆ ಹೋಗಲೇಬೇಕಿತ್ತು.

"ದೀಪಾವಳಿ ಕಳೀಲಿ ಮಾರಾಯ, ಈಗ ಆತಿಲ್ಲೆ," ಎಂದರು ದಣಿ. ದೀಪಾವಳಿ ಮುಗಿದರೆ ಕ್ರಿಸ್‌ಮಸ್ ಪಾರ್ಟಿಗಳು. ಹೊಟ್ಟೆಯಲ್ಲಿರುವ ಮಗು ಇವರ ಸೀಸನ್ ಮುಗಿಯುವ ತನಕ ಕಾಯುತ್ತದೆಯೇ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೋಗಿ ದೋಸೆ ಕಾವಲಿಯ ಮುಂದೆ ನಿಂತೆ.

ನಮ್ಮದೊಂದು ತಾಳಮದ್ದಳೆ ಕೂಟವಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ನಾವು ಕೂತಲ್ಲೇ ಪಾತ್ರವಾಗಿ ವಾದಿಸುತ್ತೇವೆ. ಅದಕ್ಕೇ 'ಅರ್ಥ ಹೇಳುವುದು' ಎನ್ನುತ್ತೇವೆ. ನಮ್ಮ ಭಾಗವತರು ಅಕ್ಸ್‌ಬ್ರಿಡ್ಜಿನ ಒಂದು ಆಫೀಸಿನಲ್ಲಿದ್ದವರು. ಲೈಬ್ರರಿಯಲ್ಲಿ ಯಾರೋ ಅಮೆರಿಕದ ಹಳೇ ಸೇನಾಧಿಕಾರಿಯ ಜೀವನಚರಿತ್ರೆ ಓದಿ ಆ ವರ್ಷ ಹೊಸ ಪ್ರಸಂಗವನ್ನೇ ಕಟ್ಟಿಬಿಟ್ಟರು. ಇಂಗ್ಲೆಂಡಿನ ದೊರೆ ಸೋತ ಕಥೆಯನ್ನು ವೆಂಬ್ಲಿಯಲ್ಲಿ ಕೂತು ಹಾಡುವುದೆಂದರೆ ನಮಗೂ ಖುಷಿಯೇ.

ಕಥೆ ಸರಳ. ಅಮೆರಿಕದ ಸ್ವಾತಂತ್ರ್ಯದ ಯುದ್ಧದಲ್ಲಿ ಆ ಅಧಿಕಾರಿ ಕುದುರೆ ದಂಡು ಕಟ್ಟಿ ಇಂಗ್ಲೆಂಡಿನ ದೊರೆಯ ವಿರುದ್ಧ ಹೋರಾಡಿ, ಚಿನ್ನದ ಪದಕ ಪಡೆದು, ಮುಂದೆ ತನ್ನ ರಾಜ್ಯಕ್ಕೆ ಗವರ್ನರ್ ಆದ. ಆಗ ಪಕ್ಕದ ರಾಜ್ಯದ ಬೆಟ್ಟದ ರೈತರು ಮದ್ಯದ ಮೇಲಿನ ಸುಂಕ ಕೊಡುವುದಿಲ್ಲವೆಂದು ತಿರುಗಿಬಿದ್ದರು. ಅವರ ಮೇಲೆ ದಂಡೆತ್ತಿ ಹೋದವನು ಇವನೇ. ಅತ್ತ ಹೋಗಿದ್ದಾಗಲೇ ಇತ್ತ ಇವನ ಗವರ್ನರ್ ಪದವಿ ಹೋಯಿತು.

ಗವರ್ನರ್ ನಮ್ಮ ದಣಿ. ಒಳ್ಳೆಯ ಮಾತುಗಾರ, ಆ ಪಾತ್ರ ಬೇರೆಯವರಿಗೆ ಹೋಗುವ ಹಾಗೇ ಇರಲಿಲ್ಲ. ರೈತ ನಾನು.

ಭಾನುವಾರ ಮಧ್ಯಾಹ್ನ ಸ್ಕೂಲ್ ಹಾಲಿನಲ್ಲಿ ತಾಳಮದ್ದಳೆ. ಮೊದಮೊದಲು ಸುಂಕದ ಮಾತೇ ನಡೆಯಿತು. ಆಮೇಲೆ ನನ್ನ ನಾಲಗೆ ಹಿಡಿತ ತಪ್ಪಿತು.

"ಕಷ್ಟ ಕೇಳದ ದೊರೆಗೆ ತಲೆ ಬಾಗಬೇಡಿ ಎಂದು ನಮಗೆ ಕಲಿಸಿದವರು ನೀವೇ ಅಲ್ಲವೇ, ಪ್ರಭು? ಈಗ ಕುದುರೆಯ ಮೇಲೆ ನೀವಿದ್ದೀರಿ. ಮನೆಯಲ್ಲಿ ನನ್ನ ಹೆಂಡತಿಗೆ ದಿನ ತುಂಬಿದೆ. ಪರರ ಒಲೆ ಕಾಯುವ ನನಗೆ ಅವಳ ಬಳಿ ಹೋಗಲು ಅಪ್ಪಣೆಯಿಲ್ಲ. ಇದು ಯಾವ ನ್ಯಾಯ?"

ಕೂತವರಲ್ಲಿ ಅರ್ಧ ಜನ ನಮ್ಮ ಹೋಟೆಲಿನಲ್ಲೇ ತಿಂಡಿ ತಿನ್ನುವವರು, ಎಲ್ಲರಿಗೂ ವಿಷಯ ಗೊತ್ತು. ದಣಿ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ಕುದುರೆ ಹತ್ತಿದವನಿಗೆ ಒಬ್ಬೊಬ್ಬನ ಮನೆಯೂ ಕಾಣುತ್ತ ಹೋದರೆ ದಂಡು ಮುಂದೆ ಸಾಗದು, ಮಗೂ," ಎಂದರು. "ನನಗೂ ಮನೆಯಿದೆ. ನಾನಿಲ್ಲದಾಗ ನನ್ನ ಗಾದಿಯೇ ಹೋದೀತು, ಗೊತ್ತಿದ್ದೇ ಬಂದೆ."

ದೊಡ್ಡ ಚಪ್ಪಾಳೆ ಬಿತ್ತು. ನನಗೆ ಸಿಟ್ಟೆಲ್ಲ ಇಳಿದುಹೋಗಿತ್ತು. ಆ ಒದ್ದೆ ಕಣ್ಣು ನೋಡಿದ ಮೇಲೆ ಟಿಕೆಟ್ ಕೈಗೆ ಬಂದಷ್ಟೇ ಸಂತೋಷ.

ಮಂಗಳ ಹಾಡಿ ಮುಗಿಸಿ ಎಲ್ಲರೂ ಊಟಕ್ಕೆ ಕೂತೆವು. ತಾಳಮದ್ದಳೆಯಲ್ಲಿ ಪಾತ್ರವಾಗಿ ಎಷ್ಟೇ ಖಾರವಾಗಿ ಮಾತಾಡಿದರೂ ಮಂಗಳದ ನಂತರ ಯಾರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನಮ್ಮ ಕ್ರಮ. ಆ ಧೈರ್ಯದ ಮೇಲೇ ನಾನೂ ಬಾಯಿ ಬಿಟ್ಟದ್ದು. ದಣಿ ಪಾಯಸದ ಪಾತ್ರೆ ಹಿಡಿದು ತಾವೇ ನನ್ನ ಹತ್ತಿರ ಬಂದರು, ಎರಡು ಸೌಟು ಬಡಿಸಿದರು.

"ಹೆರಿಗೆ ಮಾತು ತಂದದ್ದ್ ಭಾರಿ ಲಾಯ್ಕ್ ಆಯ್ತ್ ಮಾರಾಯ. ನಂಗೇ ಕಣ್ಣಗೆ ನೀರ್ ಬಂತ್," ಎಂದರು. ಮುಖದಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ.

"ಹಾಂಗಾರೆ ರಜೆ, ದಣಿ?" ಎಂದೆ.

"ಅದ್ ಅಲ್ಲಿಗೇ ಮುಗೀತಲ್ಲ," ಎಂದು ಬೆನ್ನು ತಟ್ಟಿದರು. "ನಾಳೆ ಬೇಗ ಬರ್ಕ್, ಅಕಾ?"

ಅವರು ಕ್ರಮ ತಪ್ಪಲಿಲ್ಲ. ನಾನು ಆಡಿದ ಒಂದು ಮಾತನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ.

ನಾನು ಊರಿಗೆ ಹೋದಾಗ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಎತ್ತಿಕೊಂಡೆ. ಅವಳು ಕಿರುಚಿ ಅತ್ತು ಅಜ್ಜಿಯ ಕಡೆಗೆ ಕೈ ಚಾಚಿದಳು.